ಗಿಟಾರಿನ ಕುತ್ತಿಗೆಯ ಮರ

ಮರದ ದೋಣಿ ಕಟ್ಟಿಸುವವರು ಇಲ್ಲವಾದ ಮೇಲೆ ನಮ್ಮ ಯಜಮಾನರಿಗೆ ಉಳಿದದ್ದು ಎರಡೇ ದಾರಿ. ಫೈಬರ್ ದೋಣಿಯ ಶೆಡ್ಡಿಗೆ ಹೋಗಿ ಉಜ್ಜುವ ಕೆಲಸಕ್ಕೆ ನಿಲ್ಲುವುದು, ಇಲ್ಲವೇ ಬ್ರಹ್ಮಾವರದಲ್ಲಿ ಗಿಟಾರ್ ರಿಪೇರಿ ಮಾಡುವವರ ಕೆಲಸ ಹಿಡಿಯುವುದು. ಆ ರಿಪೇರಿಯವರು ಒಂದು ಮಹಾಗನಿ ತುಂಡು ಕೊಟ್ಟು, ಗಿಟಾರಿನ ಕುತ್ತಿಗೆಗೆ ಪಟ್ಟಿ ಮಾಡಿ ತನ್ನಿ, ಮೇಲ್ಮೈ ಒಂದಿಷ್ಟೂ ಡೊಂಕಿರಬಾರದು, ಸರಿಬಂದರೆ ಮುಂದೆಯೂ ನಿಮಗೇ ಕೊಡುತ್ತೇನೆ ಎಂದಿದ್ದರು. ತಮ್ಮ ಕೆಲಸ ಕಿತ್ತುಕೊಂಡ ಶೆಡ್ಡಿನ ಹೆಸರೆತ್ತಿದರೇ ಇವರು ಊಟ ಬಿಟ್ಟು ಏಳುತ್ತಿದ್ದರು. ಹಾಗಾಗಿ ಆ ತುಂಡು ನಮ್ಮ ಜಗಲಿಗೆ ಬಂತು.

ದೋಣಿಯಲ್ಲಿ ಚಪ್ಪಟೆ ಎಂಬುದೇ ಇಲ್ಲ. ಹಲಗೆಯನ್ನು ಬೆಂಕಿಗೆ ಕಾಯಿಸಿ ಬಗ್ಗಿಸಿಯೇ ಇವರ ಕೈ ಪಳಗಿದ್ದು. ಈಗ ಕೀಸುಳಿ ತಳ್ಳುವಾಗ ತುದಿಗೆ ಬಂದದ್ದೇ ಕೈ ತಾನಾಗಿ ಇಳಿದು ಅಲ್ಲಿ ತೆಳುವಾಗುತ್ತಿತ್ತು. ಪಟ್ಟಿಯ ಎರಡು ತುದಿಗೂ ಒಂದೊಂದು ನೇರ ಕೋಲು ಅಡ್ಡ ಇಟ್ಟು, ಬಗ್ಗಿ, ಮುಂದಿನ ಕೋಲಿನ ಮೇಲಿಂದ ಹಿಂದಿನದನ್ನು ನೋಡಬೇಕು. ಒಂದು ಮೂಲೆ ಎದ್ದು ಕಂಡರೆ ಮರ ತಿರುಚಿದೆ ಎಂದರ್ಥ. ಇವರ ಕಣ್ಣು ಮಂಜು. ನಾನು ಅನ್ನ ಬಸಿದಿಟ್ಟು ಬಂದು ನೋಡುತ್ತಿದ್ದೆ.

"ಹೆಣೆ, ಸಮ ಕಾಣ್. ನನ್ ಮೋರಿ ಕಂಡ್ಕಂಡ್ ಹೇಳ್ಬೇಡ."

ಇವರ ಮುಖ ನೋಡದೆ, ಎಡಗಡೆ ಎದ್ದಿದೆ ಎನ್ನುತ್ತಿದ್ದೆ. ಅಷ್ಟಕ್ಕೇ ಸೀಮೆಸುಣ್ಣದ ಗುರುತು ಹಾಕಿ, ಅಷ್ಟನ್ನೇ ಕೀಸಿ, ಮತ್ತೆ ಕರೆಯುತ್ತಿದ್ದರು. ಮೀನು ತರುವ ಹೆಂಗಸು ಬುಟ್ಟಿ ಇಳಿಸಿ, ದೋಣಿ ಕಟ್ಟುವವರು ತೊಟ್ಟಿಲ ಕಾಲು ಕೀಸುವ ಹಾಗಾಯಿತಾ ಎಂದು ಕೇಳಿದಳು. ಇವರು ಕೀಸುತ್ತಲೇ ಇದ್ದರು. ಕೊನೆಗೊಂದು ಸಂಜೆ ಎರಡು ಕೋಲೂ ಒಂದೇ ಗೆರೆಯಾಗಿ ಕಂಡವು. ಉಕ್ಕಿನ ಅಳತೆಪಟ್ಟಿ ನಿಲ್ಲಿಸಿದರೆ ಅಡಿಯಲ್ಲಿ ಬೆಳಕು ತೂರಲಿಲ್ಲ.

ಮರುದಿನ ಬೆಳಿಗ್ಗೆ ಗುಡಿಸಲು ಬಂದರೆ ಜಗಲಿಯಿಡೀ ಮೀನೆಣ್ಣೆಯ ನಾತ. ಪಟ್ಟಿ ಕಪ್ಪಗೆ ಹೊಳೆಯುತ್ತಿತ್ತು. ಕಟ್ಟಿ ಮುಗಿದ ದೋಣಿಯನ್ನು ಮೀನೆಣ್ಣೆ ಉಣಿಸದೆ ನೀರಿಗಿಳಿಸುವ ಕ್ರಮವಿಲ್ಲ. ಅದೇ ಅಭ್ಯಾಸದಲ್ಲಿ ಇವರು ಬಟ್ಟೆ ಅದ್ದಿ ಅದ್ದಿ ಹಚ್ಚಿದ್ದರು. ಇದು ನೀರಿಗೆ ಹೋಗುವ ಮರವಲ್ಲವಲ್ಲ ಎಂದೆ.

"ಮುಗ್ದ್ ಕೆಲ್ಸ ಅಲ್ದಾ, ಬರೀ ಮೈಯಂಗೆ ಕಳ್ಸುದಾ?"

ಬ್ರಹ್ಮಾವರಕ್ಕೆ ನಾನೂ ಹೋದೆ. ರಿಪೇರಿಯವರು ಪಟ್ಟಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಮೂಸಿದರು.

"ಸಪಾಟ್ ಲಾಯ್ಕ್ ಬಂದಿತ್ತ್. ಆರೆ ಇದ್ರ ಮೇಲೆ ಇನ್ನೊಂದ್ ಪಟ್ಟಿ ಅಂಟ್ಸುಕಿತ್ತ್. ಎಣ್ಣಿ ಕುಡ್ದ್ ಮರಕ್ಕೆ ಅಂಟ್ ಹಿಡಿತಿಲ್ಲೆ ಮರಾಯ್ರೆ."

ಕೀಸಿ ತೆಗೆದರಾಗದೇ ಎಂದು ಕೇಳಿದ್ದು ನಾನು. ಒಳಗಿಳಿದಿದೆ, ಅಷ್ಟು ಕೀಸಿದರೆ ದಪ್ಪ ಸಾಲದು ಎಂದರು. ಇನ್ನೊಂದು ತುಂಡಿನ ಮಾತು ಅವರೂ ಎತ್ತಲಿಲ್ಲ, ಇವರೂ ಕೇಳಲಿಲ್ಲ. ಬಸ್ಸಿನಲ್ಲಿ ಪೇಪರು ಸುತ್ತಿದ ಪಟ್ಟಿ ಇವರ ತೊಡೆಯ ಮೇಲಿತ್ತು. ಪಕ್ಕ ಕೂತವ ನಾತಕ್ಕೆ ಎದ್ದು ಹೋದ. ತೆಕ್ಕಟ್ಟೆ ದಾಟಿದ ಮೇಲೆ ಇವರು ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದರು:

"ನಾಳಿಂದ ಶೆಡ್ಡಿಗ್ ಹೋತೆ."

ಈಗ ಸಂಜೆ ಬರುವಾಗ ತೋಳು, ಬೆನ್ನು, ಹುಬ್ಬಿನ ಮೇಲೆಲ್ಲ ಫೈಬರ್ ಉಜ್ಜಿದ ಬಿಳಿ ಹುಡಿ. ಇವರ ಅಂಗಿಯನ್ನು ನನ್ನ ಸೀರೆಯ ಜೊತೆ ನೆನೆಹಾಕುವ ಹಾಗಿಲ್ಲ, ಆ ಹುಡಿಯಲ್ಲಿರುವ ಗಾಜಿನ ಎಳೆ ಚುಚ್ಚುತ್ತದೆ. ಬೇರೆ ಬಾಲ್ದಿ ಇಟ್ಟಿದ್ದೇನೆ. ಮೊದಮೊದಲು ತುರಿಕೆ ಎನ್ನುತ್ತಿದ್ದರು. ಈಗ ಅದನ್ನೂ ಹೇಳುವುದಿಲ್ಲ. ಸ್ನಾನಕ್ಕೆ ನೀರು ಹೊಯ್ಯುವಾಗ ಬೆನ್ನಿನ ಕೆಂಪು ನೋಡಿ ನಾನೇ ತಿಳಿದುಕೊಳ್ಳಬೇಕು.