ಯೂಫೇಮಿಯಾ ಕುದಿಸಿದ ರಕ್ತ

ನಮ್ಮ ದೊಡ್ಡಮ್ಮ ಯೂಫೇಮಿಯಾ ಬಾಕಾ ಮೂವತ್ತೊಂದು ವರ್ಷ ಒಂದೇ ಹೋಟೆಲಿನಲ್ಲಿ ಅಡುಗೆ ಮಾಡಿದಳು. ನ್ಯೂ ಮೆಕ್ಸಿಕೋದ ನಮ್ಮೂರಲ್ಲಿ ಅವಳ ಕೆಂಪು ಮೆಣಸಿನಕಾಯಿ ಗೊಜ್ಜು ತಿನ್ನದವರಿಲ್ಲ. ಆದರೆ ಹೋಟೆಲಿನ ಬೋರ್ಡಿನ ಮೇಲಿದ್ದದ್ದು ಮಾಲೀಕನಾದ ಅವಳ ಮೈದುನನ ಹೆಸರು, ಹೊಗಳಿಕೆಯೂ ಅವನಿಗೇ. ನನಗಂತೂ ಹೊಟ್ಟೆ ಉರಿಯುತ್ತಿತ್ತು.

"ಒಂದ್ಸಲ ಆದ್ರೂ ನನ್ ಹೆಸ್ರನ್ನ ನಾಲ್ಕು ಜನ ಓದ್ಬೇಕು ಕಣೋ" ಎನ್ನುತ್ತಿದ್ದಳು.

ಆ ವರ್ಷ ವೆಂಡೆಲ್ ಪ್ರುಯಿಟ್ ಎಂಬ ನಿರ್ದೇಶಕ ಕೌಬಾಯ್ ಸಿನಿಮಾ ತೆಗೆಯಲು ಬಂದ. ಅದರಲ್ಲಿ ಕುದುರೆ ಏರಿ ಬರುವ ದರೋಡೆಕೋರನೇ ರಕ್ತ ಹೀರುವ ಪಿಶಾಚಿ. ರಾತ್ರಿ ದೀಪ ಹಾಕಿಸುವಷ್ಟು ದುಡ್ಡಿಲ್ಲದ ವೆಂಡೆಲ್, ಕ್ಯಾಮೆರಾಕ್ಕೆ ನೀಲಿ ಗಾಜು ಹಾಕಿ ಮಟಮಟ ಮಧ್ಯಾಹ್ನವನ್ನೇ ರಾತ್ರಿ ಮಾಡುತ್ತಿದ್ದ. ರಕ್ತದ ಬದಲು ಬಣ್ಣ ಹಾಕಿದ ಸಕ್ಕರೆ ಪಾಕ. ಪಿಶಾಚಿ ಬಾಯಿ ತೆರೆದರೆ ಊರ ನೊಣಗಳೆಲ್ಲ ಅವನ ತುಟಿಯ ಮೇಲೆ. ಮೂರು ದಿನ ಹಾಗೇ ಹಾಳಾಯಿತು. ಬಾಡಿಗೆ ಕುದುರೆಗಳ ಗಡುವಿಗೆ ಇನ್ನೊಂದೇ ದಿನ ಉಳಿದಿತ್ತು.

ದೊಡ್ಡಮ್ಮ ಸೊಂಟಕ್ಕೆ ಕೈಯಿಟ್ಟು ಅವನೆದುರು ನಿಂತಳು. "ನೊಣ ಮುತ್ತದ ರಕ್ತ ನಾನ್ ಮಾಡ್ಕೊಡ್ತೀನಿ. ನನ್ ಹೆಸ್ರು ಪರದೆ ಮೇಲೆ ಹಾಕ್ತೀಯಾ?"

"ಈ ದೃಶ್ಯ ಗೆದ್ರೆ ಹಾಕ್ತೀನಿ ಮೇಡಂ. ಕೆಟ್ರೆ ಸಿನಿಮಾನೇ ಇರಲ್ಲ."

ಮರುದಿನ ಒಣಮೆಣಸಿನಕಾಯಿ ನೆನೆಸಿ, ರುಬ್ಬಿ, ಸೋಸಿ, ಒಂದು ಹರಳು ಸಕ್ಕರೆಯಿಲ್ಲದೆ ದಪ್ಪಗೆ ಕುದಿಸಿದಳು. ಪಿಶಾಚಿಯ ವೇಷದಲ್ಲಿದ್ದ ಡೆಸ್ಮಂಡ್ ದೂರದ ಬಾಸ್ಟನ್ನಿನವನು. "ಖಾರಾನಾಮ್ಮಾ?" ಎಂದ.

"ಅಯ್ಯೋ, ಖಾರ ಎಲ್ಲಿ ಬಂತು? ಹಾಲು ಬಿಟ್ಟ ಮಕ್ಕಳು ತಿನ್ನೋದಪ್ಪ ಇದು."

ಸುಳ್ಳಲ್ಲ, ನಮ್ಮಲ್ಲಿ ತಿನ್ನುತ್ತವೆ. ಬಾಸ್ಟನ್ನಿನ ನಾಲಿಗೆಯ ಕಥೆ ನಮಗ್ಯಾರಿಗೂ ಹೊಳೆಯಲಿಲ್ಲ.

ಡೆಸ್ಮಂಡ್ ಊರ ಪೊಲೀಸ್ ಅಧಿಕಾರಿ ಶೆರೀಫನ ವೇಷದವನ ಕುತ್ತಿಗೆಗೆ ಬಾಯಿ ಹಾಕಿದ. ಕಾಲರಿನೊಳಗೆ ಬಚ್ಚಿಟ್ಟಿದ್ದ ಮೆಣಸಿನಕಾಯಿ ರಕ್ತದ ಚೀಲ ಒಡೆದು ಅವನ ಬಾಯಿ ತುಂಬಿತು. ಕಣ್ಣು ಕೆಂಡವಾಯಿತು, ಮೂಗಲ್ಲಿ ನೀರು ಸುರಿಯಿತು. ಅವನು ಊಳಿಟ್ಟ ರಭಸಕ್ಕೆ ಕುದುರೆಗಳು ಹಿಂಗಾಲ ಮೇಲೆ ಎದ್ದು ನಿಂತವು. ದೊಡ್ಡಮ್ಮ ನನ್ನ ತೋಳು ಹಿಡಿದುಕೊಂಡಳು. "ನಾನೇ ಕೆಡಿಸ್ಬಿಟ್ಟೆನಲ್ಲೋ!"

ಆದರೆ ವೆಂಡೆಲ್ ‘ನಿಲ್ಲಿಸಿ’ ಎನ್ನಲೇ ಇಲ್ಲ. ಡೆಸ್ಮಂಡ್ ಓಡಿಹೋಗಿ ಕುದುರೆಯ ನೀರಿನ ತೊಟ್ಟಿಯಲ್ಲಿ ತಲೆ ಅದ್ದುವವರೆಗೂ ಕ್ಯಾಮೆರಾ ಓಡಿಸಿದ. ಒಂದು ನೊಣವೂ ಹತ್ತಿರ ಸುಳಿದಿರಲಿಲ್ಲ.

ಆರು ತಿಂಗಳ ಮೇಲೆ ಶಾಲೆಯ ಸಭಾಂಗಣದಲ್ಲಿ ಸಿನಿಮಾ ಹಾಕಿದರು. ಆ ಊಳಿಗೆ ದನ ಕಾಯುವ ಗಟ್ಟಿ ಗಂಡಸರೇ ಕಿರುಚಿಕೊಂಡರು. ಕೊನೆಗೆ ಪರದೆ ತುಂಬ ಒಂದೇ ಸಾಲು ಬಂತು: ರಕ್ತ, ಯೂಫೇಮಿಯಾ ಬಾಕಾ. ಇಡೀ ಊರು ಅದನ್ನು ಕೂಗಿ ಓದಿತು.

ದೊಡ್ಡಮ್ಮ ಮೂಗು ಒರೆಸಿಕೊಂಡಳು. "ಕಣ್ಣು ಮಂಜಾಗಿ ಕಾಣ್ಲೇ ಇಲ್ಲ ಕಣೋ. ಇನ್ನೊಂದ್ಸಲ ಹಾಕೋಕ್ ಹೇಳು."

ಮೂರು ಸಲ ಹಾಕಿಸಿದೆವು.