ಚೀಟಿ ಬಿಚ್ಚಿದ ಮೂರು ಬಾಟ್ಲಿ

ನನ್ನ ಮೊಮ್ಮಗಳ ನೌಕರಿ ಖಾಯಂ ಆತು! ಅಕಿ ಕುದಿಸಿದ ಕರೇ ಬಿಯರು ಪಾಸಾತು! ನಿನ್ನಿ ಮುಂಜಾನಿ ಫೋನ್ ಬಂದಾಗಿಂದ ಒಂದ್ ಕಡಿ ಕುಂತಿಲ್ಲ ನಾನು. ಅಡಗಿಮನಿಗೆ ಹೋಗ್ತೀನಿ, ಯಾಕ ಬಂದೆ ಅನ್ನಾದು ಮರೀತೀನಿ, ಮತ್ತ ಹೊಸಲಿಗೆ ಬಂದು ನಿಂದರ್ತೀನಿ. ಓಣ್ಯಾಗ ಪಲ್ಯ ಮಾರಾಕ ಬಂದಾಕಿಗೂ ಹೇಳಿದೆ.

"ಏನ್ ಪಾಸಾತಬೇ, ಎಸ್ಸೆಲ್ಸಿನಾ?" ಅಂದ್ಲು ಅಕಿ.

"ಅಲ್ಲಬೇ, ಬಿಯರು."

ಪುಟ್ಟಿ ತಲಿಮ್ಯಾಲ ಹೊತ್ಕೊಂಡು, ತಿರುಗಿ ತಿರುಗಿ ನನ್ನ ಮಾರಿ ನೋಡ್ಕೋತ ಹೋದ್ಲು.

ಇರ್ಲಿ. ಸಂತೋಷ ಅಂತೂ ಆತು, ಆದ್ರ ಈ ಸಂತೋಷದ ಹೊಟ್ಟ್ಯಾಗ ಒಂದು ಮುಳ್ಳಿತ್ತು. ಅದನ್ನ ಮೊದಲಿಂದ ಹೇಳಬೇಕು.

ಮೊಮ್ಮಗಳು ಅಂದ್ರ ನನ್ನ ಮಗನ ಮಗಳು, ರಾಯಚೂರಾಗ ಇದ ಮನ್ಯಾಗ ಬೆಳದು ಕಾಲೇಜು ಓದಿದಾಕಿ. ಈಗ ಹೈದರಾಬಾದಿನ್ಯಾಗ ಬಿಯರ್ ಕುದಿಸೋ ಜಾಗದಾಗ ಕೆಲಸ. ಜವಿಗೋದಿ ಕರ್ರಗ ಆಗೋತನ ಹುರಿದು ಮಾಡೋ ಬಿಯರಿಗೆ ಸ್ಟೌಟ್ ಅಂತಾರಂತ. ಕ್ರಿಸ್‌ಮಸ್ ಹಬ್ಬಕ್ಕ ಅದರಾಗ ಮಸಾಲಿ ಹಾಕ್ತಾರಂತ. ಅಕಿ ಮಾಲಕ ಈ ಸಲ ಅಕಿಗೇ ವಹಿಸಿದ್ದ. ಮಂದಿಗೆ ಹಿಡಿಸಿದ್ರ ನೌಕರಿ ಖಾಯಂ, ಇಲ್ಲಂದ್ರ ಹಬ್ಬ ಮುಗಿದ ಮರುದಿನ ಮನಿಗೆ. ಅಕಿ ಮೂರು ನಮೂನಿ ಮಾಡಿ, ಮೂರು ಬಾಟ್ಲಿ ತಂದು ನನ್ನ ಮುಂದ ಇಟ್ಲು. ಒಂದು, ಎರಡು, ಮೂರು ಅಂತ ಚೀಟಿ ಅಂಟಿಸಿದ್ಲು.

"ಏನೇನ್ ಹಾಕೀನಿ ಅಂತ ಹೇಳಂಗಿಲ್ಲ ಅಜ್ಜಿ. ನಿನ್ನ ಗೆಳತ್ಯಾರನ್ನ ಕರಿ. ಮೂವರೂ ಕುಡುದು ನೋಡ್ರಿ. ನಾಳಿ ಸಂಜಿ ಫೋನ್ ಮಾಡ್ತೀನಿ, ನಂಬರ್ ಅಷ್ಟ ಹೇಳು" ಅಂದ್ಲು. ಅಂದಾಕಿ ಅವತ್ತಿನ ರೈಲಿಗೇ ತಿರುಗಿ ಹೋದ್ಲು.

ನಮ್ಮನ್ನ ಯಾಕ ಕೇಳಿದ್ಲು ಅಂದ್ರ, ನಮ್ಮ ನಾಲಿಗಿ ಅಕಿಗೆ ಗೊತ್ತದ. ಹರೇದಾಗ ನಾವು ಮೂವರೂ ಮಾನ್ವಿ ಕಡಿ ಗದ್ದ್ಯಾಗ ಭತ್ತ ನಾಟಿ ಮಾಡಿದಾರು. ದಿನಾಲೂ ಸೊಂಟ ಬಗ್ಗಿಸಿ ಬಗ್ಗಿಸಿ ಸಂಜಿಗೆ ಒಂದೊಂದು ಚಂಬು ಶೇಂದಿ ಕುಡೀತಿದ್ವಿ. ಮುಂಜಾನಿ ಇಳಿಸಿದ್ದು ಯಾವುದು, ಮಧ್ಯಾಹ್ನದ್ದು ಯಾವುದು, ಕಣ್ಣು ಮುಚ್ಚಿ ಹೇಳ್ತಿದ್ವಿ.

ತಪ್ಪಾದದ್ದು ಇಲ್ಲೇ. ಬಾಟ್ಲಿ ತಣ್ಣಗ ಇಡು ಅಂದಿದ್ಲು ಹುಡುಗಿ. ಫ್ರಿಜ್ಜಿನ ಬಾಗಿಲಿಗೆ ಸೊಸಿ ಅಡ್ಡ ನಿಂತಳು. "ಅತ್ತಿ, ಹಾಲು ಮೊಸರು ಇಡೋ ಜಾಗಾರೀ ಇದು. ನಾಳಿ ನೈವೇದ್ಯಕ್ಕ ಇದರಾಗಿನ ಹಾಲ ಬೇಕು. ಕೈ ಮುಗೀತೀನಿ" ಅಂದ್ಲು. ಅಕಿದೂ ಖರೇ. ನಾವು ಹಿಂದ ಶೇಂದಿ ಚಂಬು ನೀರಿನ ಗಡಿಗ್ಯಾಗ ಇಳಿಬಿಡ್ತಿದ್ವಲ್ಲ, ಹಂಗ ಮೂರೂ ಬಾಟ್ಲಿ ಗಡಿಗ್ಯಾಗ ಇಟ್ಟೆ. ಮರುದಿನ ತಗೀತೀನಿ, ಬಾಟ್ಲಿ ಬೋಳು! ಚೀಟಿ ಕರಗಿ ಗಡಿಗಿ ತಳದಾಗ ಗಂಜಿ ಆಗ್ಯಾವ. ಮೂರೂ ಒಂದ ನಮೂನಿ ಕರೇ ಬಾಟ್ಲಿ.

ಅಷ್ಟರಾಗ ಗೆಳತ್ಯಾರಿಬ್ಬರೂ ಬಸ್ಸಿಳಿದು ಬಂದ್ರು. ಮಾನ್ವ್ಯಾಕಿ ಗಿರಣ್ಯಾಗ ಅಕ್ಕಿ ಹಸನ ಮಾಡಿ ಮುದುಕಿ ಆದಾಕಿ. ಬಾಯಿ ತೆರದ್ರ ಕುಚೋದ್ಯ. ದೇವದುರ್ಗದಾಕಿ ಸೂಲಗಿತ್ತಿ. ಅರ್ಧ ಊರನ್ನ ಅಕಿನೇ ಕೈಯಾಗ ಹಿಡಕೊಂಡು ಭೂಮಿಗೆ ಇಳಿಸ್ಯಾಳ. ಚೀಟಿ ಸುದ್ದಿ ಅವರಿಗೂ ಹೇಳ್ಲಿಲ್ಲ. ನಾಚಿಕಿ ಬಂತು. ಸ್ಟೀಲ್ ಗ್ಲಾಸಿಗೆ ಹಾಕಿ ಕೊಟ್ಟೆ.

ಮೊದಲನೇದು ಬಾಯಿಗೆ ಹಾಕಿ ಮಾನ್ವ್ಯಾಕಿ ಅಂದ್ಲು, "ಚಕ್ಕಿ, ಲವಂಗ, ಜಾಜಿಕಾಯಿ. ಬಿರಿಯಾನಿ ಮಾಡ್ಯಾಳಬೇ ನಿನ್ನ ಮೊಮ್ಮಗಳು, ಅಕ್ಕಿ ಹಾಕಾದು ಮರ್ತಾಳ!"

ಇನ್ನೊಂದರಾಗ ಕಿತ್ತಳಿ ಸಿಪ್ಪಿ ಇತ್ತು. "ಕೆಮ್ಮಿನ ಔಷಧ ಕುಡದಂಗ ಅದ" ಅಂದೆ ನಾನು. ಮತ್ತೊಂದನ್ನ ಸೂಲಗಿತ್ತಿ ಬಾಯಾಗ ಇಟ್ಕೊಂಡು ಕಣ್ಣು ಮುಚ್ಚಿದ್ಲು. ನುಂಗವಲ್ಲಳು. ಆಮ್ಯಾಲ ತೊಡಿ ಬಡ್ಕೊಂಡು ಅಂದ್ಲು:

"ಬಾಣಂತಿ ಖೋಲಿಬೇ ಇದು! ಒಣಶುಂಠಿ, ಹಿಪ್ಪಲಿ, ಬೆಲ್ಲ. ಹಡದಾಕಿಗೆ ನಾ ಕುದಿಸಿ ಕೊಡೋ ಕಷಾಯನ ಹಾಕ್ಯಾಳಲ್ಲಬೇ!"

"ಹಂಗಾರ ಇದನ್ನ ಕುಡುದ್ರ ನಮಗೂ ಹಾಲು ಬರ್ತಾವೇನಬೇ?" ಅಂದ್ಲು ಮಾನ್ವ್ಯಾಕಿ. ನಕ್ಕೂ ನಕ್ಕೂ ಪಕ್ಕೆಲುಬು ಹಿಡದ್ವು. ಆ ಬಿಯರಿನಾಗ ಮೊದಲು ರೊಟ್ಟಿ ಸೀದಂಥ ಕಹಿ, ಹಿಂದಿಂದ ಬೆಲ್ಲ, ಕಡೀಕ ಗಂಟಲಾಗ ಹಿಪ್ಪಲಿ ಖಾರ. ಮೂವರೂ ಅದನ್ನ ಮತ್ತ ಹಾಕಿಸಿಕೊಂಡ್ವಿ. ಉಳಿದ ಎರಡನ್ನ ಯಾರೂ ಮತ್ತ ಮುಟ್ಟಲಿಲ್ಲ.

ಆಗ ಫೋನ್ ಹೊಡೀತು.

"ಅಜ್ಜಿ, ಲಗೂ ಹೇಳು. ಮಾಲಕರು ಮುಂದ ನಿಂತಾರ. ಯಾವ ನಂಬರ್?"

ಚೀಟಿ ಬಿಚ್ಚ್ಯಾವ ಯವ್ವಾ ಅನ್ನಬೇಕಿತ್ತು. ಅನ್ನಲಿಲ್ಲ. ಇಷ್ಟು ಓದಿದ ಹುಡುಗಿ ನನ್ನ ಮ್ಯಾಲ ಭರೋಸಾ ಇಟ್ಟು ಬಾಟ್ಲಿ ಬಿಟ್ಟು ಹೋಗ್ಯಾಳ, ಮೂರು ಚೀಟಿ ಕಾಯಾಕ ಆಗಲಿಲ್ಲ ಅಂತ ಹೆಂಗ ಹೇಳ್ಲಿ? ನಡುವಿನ ನಂಬರ್ ಹೇಳಿದ್ರ ಯಾವ ಕಡಿಗೂ ಭಾಳ ತಪ್ಪಂಗಿಲ್ಲ ಅಂತ ನನ್ನ ಲೆಕ್ಕ.

"ಎರಡು" ಅಂದೆ.

ಸೂಲಗಿತ್ತಿ ನನ್ನ ಹಿಂದ ನಿಂತು, ಪಕ್ಕದ ಓಣಿಗೆ ಕೇಳೋಹಂಗ ಒದರಿದ್ಲು, "ಬಾಣಂತಿ ಖೋಲಿ ಅದ ಅಂತ ಹೇಳಬೇ! ಬಾಣಂತಿ ಖೋಲಿ!" ಫೋನ್ ಬಂದ್ ಆತು.

ಅವತ್ತಿಂದ ನನ್ನ ನಿದ್ದಿ ಹೋತು. ಉಂಡಿದ್ದು ಮೈಗೆ ಹತ್ತವಲ್ದು. ಕಸ ಹೊಡದಲ್ಲೇ ಮತ್ತ ಹೊಡೀತೀನಿ. ನೀರು ತುಂಬಿಕೊಳ್ಳಾಕ ಗಡಿಗಿ ಹತ್ರ ಹೋದ್ರ ಆ ಗಂಜಿ ಚೀಟಿನೇ ಕಣ್ಮುಂದ. ಎರಡು ಅಂದ್ರ ಬಿರಿಯಾನಿನೋ, ಕೆಮ್ಮಿನ ಔಷಧನೋ, ಕಷಾಯನೋ? ತಡಿಲಾರದ ಒಂದಿನ ಬಸ್ ಹತ್ತಿ ಮಾನ್ವಿಗೆ ಹೋಗಿ ಗೆಳತಿಗೆ ಎಲ್ಲಾ ಹೇಳಿದೆ.

"ಫೋನ್ ಹಚ್ಚಿ ಹೇಳಿಬಿಡಬೇ" ಅಂದ್ಲು.

"ಈಗಾಗ್ಲೇ ಕುದಿಸಾಕ ಇಟ್ಟಿದ್ರ?"

"ಹಂಗಾರ ಬಾಯಿ ಮುಚ್ಕೊಂಡ್ ಕೂಡು."

ಕೂಡಾದ ಆಗ್ಲಿಲ್ಲಲ್ಲ ನನಗ! ಚಾ ಸೈತ ಪೂರ್ತಿ ಕುಡೀದ ಅದ ಬಸ್ಸಿಗೆ ತಿರುಗಿ ಬಂದೆ. ಸೊಸಿ ನನ್ನ ಮಾರಿ ನೋಡಿ, "ಅತ್ತಿ, ಬಿ.ಪಿ. ಏನಾರ ಏರೇದೇನ್ರಿ?" ಅಂತ ಕೇಳಿದ್ಲು.

ನಿನ್ನಿ ಫೋನ್ ಬಂತು, ಮಂದಿ ಹುಡುಕ್ಕೊಂಡು ಬಂದು ಕುಡ್ಯಾಕತ್ತಾರ, ನೌಕರಿ ಖಾಯಂ, ಸಂಜಿ ರೈಲಿಗೆ ಬರ್ತೀನಿ ಅಂತ. ಕುಣದೆ. ಕುಣಿತ ನಿಂತ ಕೂಡ್ಲೇ ಮತ್ತ ಅದ ಮುಳ್ಳು. ಪಾಸಾದದ್ದು ಯಾವುದು? ನಾವು ಇಷ್ಟಪಟ್ಟದ್ದೋ, ನನ್ನ ಸುಳ್ಳೋ?

ಸಂಜಿ ಬಂದಾಕಿ ಬ್ಯಾಗಿನಿಂದ ಒಂದು ಬಾಟ್ಲಿ ತಗದು ಗ್ಲಾಸಿಗೆ ಹಾಕಿದ್ಲು. ಮೂಗಿಗೆ ಹಿಡದೆ. ಶುಂಠಿ. ಒಂದು ಗುಟುಕು ಕುಡದೆ. ಹಿಪ್ಪಲಿ ಗಂಟಲಾಗ ಚುರ್ ಅಂತು. ಬಾಣಂತಿ ಖೋಲಿ! ಅಲ್ಲೇ ಕುಂತು ಅತ್ತುಬಿಟ್ಟೆ.

"ಯವ್ವಾ, ನಾ ಸುಳ್ಳು ಹೇಳಿದ್ದೆ. ಚೀಟಿ ನೀರಾಗ ಬಿಚ್ಚಿದ್ವು. ಎರಡು ಅಂತ ಬಾಯಿಗೆ ಬಂದದ್ದು ಹೇಳಿದೆ. ದೇವರು ದೊಡ್ಡಾವ, ಅದ ಎರಡಾತು."

"ಎರಡಲ್ಲ ಅಜ್ಜಿ" ಅಂದ್ಲು, ನಗು ತಡಕೊಳ್ಳಾಕ ಆಗದ. "ಎರಡರಾಗ ಕಿತ್ತಳಿ ಸಿಪ್ಪಿ ಇತ್ತು. ನೀ ಎರಡು ಅಂದಿ, ಹಿಂದಿಂದ ಆ ಅಮ್ಮ ಬಾಣಂತಿ ಖೋಲಿ ಅಂತ ಒದರಿದ್ಲು. ಹಿಪ್ಪಲಿ ಹಾಕಿದ್ದು ಮೂರಕ್ಕ ಅಷ್ಟ. ನಿನ್ನ ನಂಬರ್ ಬಿಟ್ಟೆ, ಅಕಿ ಒದರಿದ್ದು ಹಿಡದೆ."

"ಮತ್ತ ನನಗ ಒಂದು ಮಾತು ಹೇಳಬಾರದೇನಬೇ? ಇಷ್ಟು ದಿನ ಒದ್ದಾಡಿ ಸತ್ತೆನಲ್ಲ!"

"ನೀ ಹೇಳಿದ್ಯಾ?"

ಗ್ಲಾಸ್ ಎತ್ತಿ ಮತ್ತೊಂದು ಗುಟುಕು ಕುಡದೆ.

ಅರ್ಧ ಉಳಿದ ಬಾಟ್ಲಿ ಸೊಸಿ ಎತ್ತಿಕೊಂಡು ಹೋದ್ಲು. ಎಲ್ಲಿಗೆ ಅಂತ ಇಣುಕಿ ನೋಡಿದ್ರ, ಫ್ರಿಜ್ಜಿನ್ಯಾಗ ಹಾಲಿನ ಪಾತ್ರಿ ಒತ್ತಟ್ಟಿಗೆ ಸರಿಸಿ ಇಡಾಕತ್ತಿದ್ಲು. ನಾ ನೋಡಿದ್ದು ನೋಡಿ, "ನನ್ನ ಮಗಳು ಮಾಡಿದ್ದಲ್ಲೇನ್ರೀ" ಅಂದ್ಲು.

ಎಲ್ಲಾರೂ ಕೂಡಿ ಉಣ್ಣಾಕ ಕುಂತ್ವಿ. ಬಿಸಿ ಜ್ವಾಳದ ರೊಟ್ಟಿ, ಎಣ್ಣಿ ಬದನಿಕಾಯಿ, ಶೇಂಗಾ ಹಿಂಡಿ, ಹುಡುಗಿ ಸಲುವಾಗಿ ಹೋಳಿಗಿ. ಮೊಮ್ಮಗಳು ದೇವದುರ್ಗಕ್ಕ ಫೋನ್ ಹಚ್ಚಿ ತಾಟಿನ ಬಾಜು ಇಟ್ಲು. ಸೂಲಗಿತ್ತಿ ಅಲ್ಲಿಂದ ಒದರಿದ್ಲು, "ಹೆರಿಗಿ ಮಾಡಿಸಿದ್ದು ನಾನು! ಸೂಲಗಿತ್ತಿಗೆ ಕೊಡೋ ಸೀರಿ ಎಲ್ಲದಬೇ ನಂದು?"

"ಕೊಡಸ್ತೀನಬೇ, ಹಸರು ಅಂಚಿಂದು!" ಅಂತ ನಾನು ಎದ್ದು ನಿಂತೆ. ಯಾಕ ಎದ್ದೆ ಗೊತ್ತಿಲ್ಲ. ತುಪ್ಪ ತರಾಕ ಅಂತ ಅನಸ್ತದ.

"ಯವ್ವಾ, ತುಪ್ಪ ಇಲ್ಲೇ ಅದ, ಕೂಡು" ಅಂತ ಮಗ ಸೆರಗು ಹಿಡದು ಜಗ್ಗಿದ. ಕುಂತೆ. ಮೊಮ್ಮಗಳು ತನ್ನ ತಾಟಿನ ಹೋಳಿಗಿ ಮುರದು ನನ್ನ ಬಾಯಿಗೆ ಇಟ್ಲು. ಎಲ್ಲಾರೂ ಉಂಡ್ವಿ.