ಗೊರೋಕಾದ ತಂತಿಬೇಲಿಗೆ ಯೂನಿಸ್ ಸಿಕ್ಕಿಸುವ ಚಿತ್ರಕಥೆ

ಬೆಟ್ಟನಾಡಿನ ಪಟ್ಟಣ ಗೊರೋಕಾದ ಮಾರುಕಟ್ಟೆಯ ಗೇಟು ಇನ್ನೂ ತೆರೆದಿಲ್ಲ. ಬೆಟ್ಟದಿಂದ ಇಳಿದ ಮಂಜಿನಲ್ಲಿ ಹೆಂಗಸರು ಗೆಣಸಿನ ಮೂಟೆಗಳಿಗೆ ಒರಗಿ ಕಾಯುತ್ತಿದ್ದಾರೆ. ತಂತಿಬೇಲಿಯ ಬಳಿ ಯೂನಿಸ್ ಲೊಕೊಹೆ ನೂಲಿನ ಚೀಲದಿಂದ ಹೊಸ ಹಾಳೆಗಳನ್ನು ತೆಗೆದು, ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಒಂದೊಂದಾಗಿ ಸಿಕ್ಕಿಸುತ್ತಿದ್ದಾರೆ. ಎಲ್ಲವೂ ಎಡಗೈಯಲ್ಲೇ. ಬಲಗೈಯ ಬೆರಳುಗಳು ಮಡಚುವುದಿಲ್ಲ.

ಹಾಳೆಯ ಮೇಲಿರುವುದು ಚಿತ್ರಕಥೆ. ಊರಲ್ಲೊಬ್ಬ ಕಾಯಿಲೆ ಬಿದ್ದು ಸಾಯುತ್ತಾನೆ. ಮಾಟ ಮಾಡಿದವರು ಯಾರೆಂದು ಜನ ಹುಡುಕುತ್ತಾರೆ. ಒಂಟಿ ಮುದುಕಿಯೊಬ್ಬಳ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಮುಂದಿನದನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಚಿತ್ರಗಳಲ್ಲಿ ಒಂದೂ ಮಾತಿಲ್ಲ. "ಓದೋಕೆ ಬರದೋರೇ ನನ್ನ ಓದುಗರು," ಎನ್ನುತ್ತಾರೆ ಯೂನಿಸ್. "ಅಕ್ಷರ ಹಾಕಿದ್ರೆ ಮೇಷ್ಟ್ರು ಮಾತ್ರ ನಿಂತು ನೋಡ್ತಾರೆ." ಮಧ್ಯಾಹ್ನದೊಳಗೆ ಯಾರಾದರೂ ಫೋಟೊ ತೆಗೆದು ಹಂಚಿರುತ್ತಾರೆ. ಆಮೇಲೆ ಕತೆ ಫೋನಿನಿಂದ ಫೋನಿಗೆ, ಕಾಫಿ ತೋಟಗಳನ್ನು ದಾಟಿ, ಯೂನಿಸ್ ಕಾಲಿಡಲಾಗದ ಕಣಿವೆಗಳಿಗೂ ಹೋಗುತ್ತದೆ.

ಹಿಂದೆ ಅವರದು ನಗಿಸುವ ಕೆಲಸ. ವಾರಪತ್ರಿಕೆಯೊಂದರಲ್ಲಿ ಬರುತ್ತಿದ್ದ ಅವರ ವ್ಯಂಗ್ಯಚಿತ್ರದ ತುಂಟ ಹಂದಿಗೆ ಊರೂರಲ್ಲಿ ಅಭಿಮಾನಿಗಳಿದ್ದರು. ಆಗಲೇ, ಪಕ್ಕದ ಮನೆಯಾತ ಸತ್ತನೆಂದು, ಯೂನಿಸರನ್ನು ಸಾಕಿ ಓದಿಸಿದ ಚಿಕ್ಕಮ್ಮ ಔವೊ ಅವರನ್ನು ಊರವರು ಮಾಟಗಾತಿ ಎಂದು ಎಳೆದೊಯ್ದು ಕೊಂದರು.

"ಆವತ್ತಿನ ಪತ್ರಿಕೆಲಿ ನನ್ನ ಹಂದಿ ಕೆಸರಿಗೆ ಬಿದ್ದಿತ್ತು. ಬೆಳಿಗ್ಗೆ ನಮ್ಮೂರೋರೂ ನೋಡಿ ನಕ್ಕಿರ್ತಾರೆ. ಮಧ್ಯಾಹ್ನ ಅವರೇ ಹಗ್ಗ ಹಿಡಿದ್ರು."

ಯೂನಿಸ್ ಮತ್ತೆ ಹಂದಿಯನ್ನು ಬರೆಯಲಿಲ್ಲ. ಬೇಲಿಗೆ ಸಿಕ್ಕಿಸಿದ ಮೊದಲ ಕತೆಯಲ್ಲಿ ಕೊಂದವರ ಮುಖಗಳನ್ನೂ ಬರೆಯಲಿಲ್ಲ. ಹಗ್ಗ ಹಿಡಿದವನ ಬೆನ್ನು ಮಾತ್ರ ಇತ್ತು. ಅದರ ಮುಂದೆ ಒಬ್ಬ ಅಪರಿಚಿತ ಬಹಳ ಹೊತ್ತು ನಿಂತ.

"'ಇದು ನನ್ನ ಬೆನ್ನು, ನಿಂಗೆ ಯಾರು ಹೇಳಿದ್ದು?' ಅಂದ. 'ಅಣ್ಣಾ, ನೀನ್ಯಾರು ಅಂತ್ಲೇ ನಂಗೊತ್ತಿಲ್ಲ' ಅಂದೆ. ಅವನಿಗೆ ಕೇಳಿಸ್ಲೇ ಇಲ್ಲ."

ಅವನು ಕತ್ತಿಯ ಹಿಂಬದಿಯಿಂದ ಅವರ ಬಲಗೈಯನ್ನು ಜಜ್ಜಿದ. ಅಡಿಕೆ ಮಾರುವ ಹೆಂಗಸರು ಮೇಲೆಬಿದ್ದು ಬಿಡಿಸಿದರು. "ಆಸ್ಪತ್ರೆಲಿ ಮಲಗಿದ್ದಾಗ ಒಂದೇ ಯೋಚ್ನೆ. ಆ ಚಿತ್ರದಲ್ಲಿ ಅವನು ಕಂಡಿದ್ದು ನಮ್ಮ ಚಿಕ್ಕಮ್ಮನ್ನ ಅಲ್ಲ, ಬೇರೆ ಯಾರನ್ನೋ. ಯಾವೂರ ಮುದುಕಿ ಅವಳು? ಇವತ್ತಿಗೂ ಗೊತ್ತಾಗಿಲ್ಲ."

ಈಗ ಯೂನಿಸರ ಮನೆಯಲ್ಲಿ ಕೂತು ಬಣ್ಣ ಹಚ್ಚುವವರು ಕೆರೆಂಗಾ. ಕಳೆದ ವರ್ಷ ಇವರನ್ನೂ ಇವರ ಊರವರು ಮಾಟಗಾತಿ ಎಂದು ಕಟ್ಟಿಹಾಕಿ, ಕಾಲಿಗೆ ಬೆಂಕಿ ಇಟ್ಟಿದ್ದರು. ಆಗ ಇವರ ತಮ್ಮನ ಮಗಳು ಫೋನಿನಲ್ಲಿದ್ದ ಯೂನಿಸರ ಚಿತ್ರಕಥೆಯನ್ನು ಗುಂಪಿನ ಮುಂದೆ ಹಿಡಿದಳು.

"ಮನಸ್ಸು ಕರಗಿತು ಅನ್ಕೋಬೇಡಿ," ಎನ್ನುತ್ತಾರೆ ಕೆರೆಂಗಾ. "ನಮ್ಮೂರ ಮಾನ ಕಳೆಯೋಕೆ ಇದನ್ನ ಬರೆದಿದ್ದು ಯಾರು ಅಂತ ಅವರವರೇ ಜಗಳಕ್ಕೆ ಬಿದ್ರು. ಅಷ್ಟರಲ್ಲಿ ಚರ್ಚಿನ ಲಾರಿ ಬಂತು." ಕೆರೆಂಗಾ ಆ ಲಾರಿ ಹತ್ತಿ ಬದುಕಿ ಬಂದರು. ಅವರ ಮನೆ ಸುಟ್ಟುಹೋಗಿದೆ, ಊರಿಗೆ ಮರಳುವಂತಿಲ್ಲ.

ಕೆರೆಂಗಾರ ಮಾತಿಗೇನೂ ಬರವಿಲ್ಲ. "ನಿನ್ನ ಎಡಗೈ ಗೆರೆ ಕುಡುಕನ ಥರ ನಡೆಯುತ್ತೆ ಕಣೇ," ಎಂದು ರೇಗಿಸುತ್ತಾರೆ. ಆದರೆ ಬೆಂಕಿಯ ಚಿತ್ರ ಬಂದರೆ ಹಾಳೆಯನ್ನು ಬೋರಲು ಹಾಕಿ ಯೂನಿಸರತ್ತ ಸರಿಸುತ್ತಾರೆ. ಯೂನಿಸ್ ಅದನ್ನು ಮಗುಚಿ ಕೆಂಪು ಬಳಿಯುತ್ತಾರೆ.

ಏನಾದರೂ ಆಸೆ ಉಳಿದಿದೆಯೇ ಎಂದರೆ ಯೂನಿಸ್ ತುಸು ನಾಚುತ್ತಾರೆ. "ಒಂದು ಕತೆ ಬರೀಬೇಕು. ಮುದುಕಿ ತನ್ನ ಮನೇಲಿ ಕೂತಿರ್ತಾಳೆ. ಬಿಸಿ ಬಿಸಿ ತಿಂತಾಳೆ, ಮಲಗ್ತಾಳೆ. ಯಾರೂ ಬರಲ್ಲ. ಅಷ್ಟೇ ಕತೆ."

"ಬರಿ ಮತ್ತೆ, ಯಾರು ಬೇಡ ಅಂದ್ರು?" ಕೆರೆಂಗಾ ತಲೆ ಎತ್ತದೆ ಕೇಳುತ್ತಾರೆ.

"ಶುರು ಮಾಡಿದ್ದೆ ಅಕ್ಕ. ಬಾಗಿಲು ಬರೆದ ಕೂಡ್ಲೇ ಈ ಕೈ ತಾನಾಗೇ ಹೊರಗೆ ಜನರನ್ನ ತಂದು ನಿಲ್ಲಿಸುತ್ತೆ."